ನೀರುಗಂಟಿ ಮಾವನ ಬ್ಯಾಟರಿ

ನನ್ನ ಗಂಡ ಮುಚ್ಚಿದ ನಲ್ಲಿಯನ್ನು ತೆರೆಯಲು ನನ್ನ ಎರಡು ಕೈಯೂ ಸಾಲುತ್ತಿರಲಿಲ್ಲ. ನಮ್ಮ ಹಿರಿಯೂರಿನ ಮನೆಯ ಹಿತ್ತಲಿನಲ್ಲಿ ಇದ್ದದ್ದು ಒಂದೇ ನಲ್ಲಿ. ಮುಖ ತೊಳೆದ ಮೇಲೆ ಹಲ್ಲು ಕಚ್ಚಿ ಅದನ್ನು ತಿರುಗಿಸಿ, ಕೆಳಗೆ ಅಂಗೈ ಒಡ್ಡಿ, ಐದು ಎಣಿಸುವಷ್ಟು ಹೊತ್ತು ನಿಲ್ಲುತ್ತಿದ್ದ. ಒಂದು ಹನಿ ಬಿತ್ತೋ, ಮತ್ತೆ ಅರ್ಧ ಸುತ್ತು. ವಾಷರ್ರುಗಳು ಅವನ ಕೈಯಲ್ಲಿ ಬಾಳುತ್ತಿರಲಿಲ್ಲ. ಸ್ಕೂಲಿಗೆ ಹೊರಡುವ ಅವಸರದಲ್ಲಿ ನಾನು ಸೆರಗು ಸುತ್ತಿ ನಲ್ಲಿ ಹಿಡಿದು ತಿಣುಕುತ್ತಾ ಬೈಯುತ್ತಿದ್ದೆ.

"ಇದೇನು ಮಾರಿಕಣಿವೆ ತೂಬಾ ಮಾವ? ಮನೆ ನಲ್ಲಿ ಇದು!"

"ನೀರಿಗೆ ಅದೆಲ್ಲ ಗೊತ್ತಾಗಲ್ಲ ಕಣೇ ಟೀಚರಮ್ಮ. ಸಂದು ಸಿಕ್ರೆ ಹೋಗ್ತಾ ಇರ್ತೈತೆ."

ಗಂಡನನ್ನು ಮಾವ ಎನ್ನುವುದು ನಮ್ಮ ಕಡೆ ಹೊಸದಲ್ಲ. ಕರಿಯಪ್ಪ ನನ್ನ ಅವ್ವನ ಕೊನೆಯ ತಮ್ಮ, ನನಗಿಂತ ಹದಿನಾರು ವರ್ಷ ದೊಡ್ಡವನು. ಹರಿಯಬ್ಬೆಯಲ್ಲಿ ಕುರಿ ಮಂದೆಯ ಮನೆ ನಮ್ಮದು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಂದೆಯ ಹಿಂದೆ ನಡೆಯುತ್ತಿದ್ದ ಮಾವ, ನನಗೆ ಹದಿನೆಂಟು ತುಂಬಿದ ವರ್ಷ ತಾಳಿ ಹಿಡಿದು ಎದುರಿಗೆ ಕುಳಿತಿದ್ದ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವ್ವ ಕೇಳಲಿಲ್ಲ, ಅಪ್ಪ ಕೇಳಲಿಲ್ಲ, ಅವನೂ ಕೇಳಲಿಲ್ಲ. ಮದುವೆಯಾದ ಮೇಲೆ ತಿಂಗಳುಗಟ್ಟಲೆ ನಾನು ಅವನ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಅವನ ಮುಂದೆ ಸದ್ದು ಬರುವಂತೆ ಇಡುತ್ತಿದ್ದೆ. ಒಂದು ದಿನ ಅವನು ಉಣ್ಣುತ್ತಾ ತಲೆ ಎತ್ತದೆ ಹೇಳಿದ: "ಸಿಟ್ಟು ಮಾಡ್ಕಂಡು ಮನೇಲಿ ಕುಂತ್ರೆ ಇಬ್ರಿಗೂ ಲುಕ್ಸಾನು. ದುರ್ಗದಾಗೆ ಟೀಚರ್ ಟ್ರೇನಿಂಗ್ ಐತಂತೆ. ಓದ್ತೀಯೇನು?" ಓದಿದೆ. ಕೆಲಸ ಸಿಕ್ಕಿತು. ಸಿಟ್ಟು ಮಾತ್ರ ಪೂರ್ತಿ ಹೋಗಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅವನ ವಿಷಯ ಬರೆಯಲು ಕುಳಿತಾಗ ಮೊದಲು ಬರುವುದು ಅದೇ.

ಮಾವ ನೀರಾವರಿ ಇಲಾಖೆಯಲ್ಲಿ ನೀರುಗಂಟಿ. ಮಾರಿಕಣಿವೆ ಅಣೆಕಟ್ಟಿನ ನಾಲೆಯಲ್ಲಿ ಒಂದಷ್ಟು ದೂರ ಅವನ ಪಾಲಿಗೆ ಬಿದ್ದಿತ್ತು. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾರ ಸರದಿ ಎಷ್ಟು ಹೊತ್ತಿಗೆ ಮುಗಿಯಿತು, ಇದನ್ನೆಲ್ಲ ನೋಡುವುದು ಅವನ ಕೆಲಸ. ತೂಬಿನ ಬೀಗದ ಕೈ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು, ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ. ಅವನ ಮಾತೆಲ್ಲ ಕೊನೆಯ ಮಡಿಯ ಸುತ್ತ. ನಾಲೆಯ ತುದಿಯಲ್ಲಿ, ಎಲ್ಲರ ಹೊಲ ಕುಡಿದು ಮುಗಿದ ಮೇಲೆ ನೀರು ಕಾಣುವ ಹೊಲದ ತುಂಡು ಅದು. "ತಲೇಲಿರೋನು ನಾನಿಲ್ದಿದ್ರೂ ಕುಡೀತಾನೆ. ಕೊನೇ ಮಡಿಗೆ ನೀರು ಮುಟ್ತು ಅಂದ್ರೆ ಅವತ್ತು ನಾನು ತೂಬು ಎತ್ತಿದ್ದು ಸರಿ ಅಂತ" ಎನ್ನುತ್ತಿದ್ದ.

ಒಮ್ಮೆ ನಾಲೆಯ ಮೇಲ್ತಲೆಯಲ್ಲಿ ತೋಟವಿದ್ದ ದೊಡ್ಡ ಮನುಷ್ಯನೊಬ್ಬ ಸರದಿ ಮುಗಿದರೂ ತೂಬು ಇಳಿಸಲು ಬಿಡಲಿಲ್ಲ. ನಾಲ್ಕು ಜನರನ್ನು ಕಾವಲಿಗೆ ನಿಲ್ಲಿಸಿದ. ಮಾವ ಜಗಳವಾಡಲಿಲ್ಲ. ಬೀಡಿ ಎಸೆದು, ಅಂಗಿ ಬಿಚ್ಚಿಟ್ಟು, ನೀರಿಗೆ ಇಳಿದು, ಆ ತೋಟಕ್ಕೆ ತಿರುಗುವ ಕಾಲುವೆಯ ಬಾಯಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಕುತ್ತಿಗೆಮಟ್ಟ ನೀರು. "ನನ್ನ ಎತ್ತಾಕ್ರಿ, ಆಮ್ಯಾಲೆ ಬಿಟ್ಕಳ್ರಿ" ಎಂದನಂತೆ. ಮಧ್ಯಾಹ್ನದವರೆಗೂ ಹಾಗೇ ಕುಳಿತಿದ್ದ. ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು ತೂಬು ಇಳಿಸಿದ ಮೇಲೆಯೇ ಎದ್ದದ್ದು. ಮನೆಗೆ ಬಂದಾಗ ಬೆರಳುಗಳೆಲ್ಲ ನೆನೆದು ಸುಕ್ಕಾಗಿದ್ದವು. ನಾನು ಬೈದೆ. ಕೊನೇ ಮಡಿಯಲ್ಲಿ ಒಬ್ಬ ಮುದುಕಿಯ ರಾಗಿ ಒಣಗುತ್ತಿತ್ತು ಎಂದ, ಅಷ್ಟೇ.

ಇಂಥವನು ಅರವತ್ತೆರಡರಲ್ಲಿ, ನಿವೃತ್ತನಾಗಿ ನಾಲ್ಕು ವರ್ಷಕ್ಕೆ, ಹಿತ್ತಲಿನ ನಲ್ಲಿಯ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದ. ನಾಡಿ ನಿಮಿಷಕ್ಕೆ ಮೂವತ್ತೈದು. ದಾವಣಗೆರೆಯ ಆಸ್ಪತ್ರೆಯಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹೃದಯ ತಾನಾಗಿ ಬಡಿಯದಿದ್ದಾಗ ಅದು ತಟ್ಟಿ ಬಡಿಸುತ್ತದೆ, ಬ್ಯಾಟರಿ ಹತ್ತು ವರ್ಷ ಬರುತ್ತದೆ ಎಂದು ಡಾಕ್ಟರು ಹೇಳಿದರು. ಮಾವ ಅದನ್ನು ಚರ್ಮದ ಮೇಲಿಂದ ಸವರಿ ಖುಷಿಪಟ್ಟ. "ಕೆರೆ ತುಂಬ್ಸಿ ಕಳಿಸ್ಯಾರೆ ಕಣಲೇ. ಇನ್ನು ನೋಡ್ಕಂಡು ಬಿಟ್ಕಬೇಕು ಅಷ್ಟೇ." ಆ ಮಾತನ್ನು ನಾನು ತಮಾಷೆ ಎಂದುಕೊಂಡೆ. ಅದು ತಮಾಷೆಯಾಗಿರಲಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ಮಕ್ಕಳಿಗೆ ಪಾಠ ಹೇಳುವವಳು, ಮನೆಯಲ್ಲಿ ಇಷ್ಟು ದಡ್ಡಿ.

ಮೊದಲ ಏಳೆಂಟು ವರ್ಷ ಚೆನ್ನಾಗಿಯೇ ಓಡಾಡಿದ. ಆಮೇಲೆ ಕುಳಿತ. ನಾಲೆಯ ದಂಡೆಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಿದ್ದವನು ಮೊದಲು ಅದನ್ನು ಬಿಟ್ಟ. ಸಂತೆ ಬಿಟ್ಟ. ಮಗಳ ಊರು ಶ್ರೀರಾಂಪುರ, ಅಲ್ಲಿಗೆ ಹೋಗುವುದನ್ನೂ ಬಿಟ್ಟ. ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತರೆ ಊಟಕ್ಕೆ ಮಾತ್ರ ಏಳುವುದು, ನಲ್ಲಿ ಮುಚ್ಚಲು ಮಾತ್ರ ಏಳುವುದು. ಮೊಮ್ಮಗಳು ಬಂದು ಕೈ ಹಿಡಿದು ಎಳೆದರೂ "ತಾತಂಗೆ ಆಗಲ್ಲ ಕಂದ" ಎನ್ನುತ್ತಿದ್ದ. ವಯಸ್ಸಾಯಿತು ಎಂದುಕೊಂಡೆ. ಸೋಮಾರಿ ಎಂದೂ ಬೈದೆ. ಪೇಸ್‌ಮೇಕರ್ ನೋಡುವ ಮೆಷಿನ್ ತಿಂಗಳಿಗೊಮ್ಮೆ ದುರ್ಗದ ಆಸ್ಪತ್ರೆಗೆ ಬರುತ್ತಿತ್ತು. ಆರು ತಿಂಗಳಿಗೊಂದು ಸಲ ತೋರಿಸಬೇಕು. "ನಿಂಗ್ಯಾಕೆ ರಜ ದಂಡ, ನಾನೇ ಹೋಗಿ ಬರ್ತೀನಿ" ಎಂದು ಹೋಗುತ್ತಿದ್ದ, ಬರುತ್ತಿದ್ದ. "ಎಲ್ಲ ಚೆನ್ನಾಗೈತಂತೆ" ಎನ್ನುತ್ತಿದ್ದ.

ಹತ್ತನೆಯ ವರ್ಷ ನಾನೇ ರಜೆ ಹಾಕಿ ಜೊತೆಗೆ ಹೋದೆ. ಮೆಷಿನ್ ನೋಡುವ ಹೆಣ್ಣುಮಗಳು ಅವನ ಎದೆಯ ಮೇಲೆ ಒಂದು ಬಿಲ್ಲೆಯಂಥದ್ದನ್ನು ಇಟ್ಟು, ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅಜ್ಜ, ಎರಡು ವರ್ಷದಿಂದ ಚೆಕಪ್‌ಗೆ ಬಂದೇ ಇಲ್ವಲ್ಲ ನೀವು?"

ನಾನು ಅವನ ಮುಖ ನೋಡಿದೆ. ಅವನು ಗೋಡೆ ನೋಡಿದ. ಎರಡು ವರ್ಷದಲ್ಲಿ ನಾಲ್ಕು ಸಲ ಬಸ್ಸು ಹತ್ತಿ ದುರ್ಗಕ್ಕೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಮೂರು ತಾಸು ಕುಳಿತು ವಾಪಸ್ಸು ಬಂದಿದ್ದಾನೆ ನನ್ನ ಗಂಡ!

"ಬ್ಯಾಟರಿ ಮುಗೀತಾ ಬಂದಿದೆ. ಇನ್ನು ಮೂರು ತಿಂಗಳು ಅಂತ ಇಟ್ಕೊಳ್ಳಿ. ಅದರೊಳಗೆ ಬದಲಾಯಿಸಬೇಕು" ಎಂದಳು ಆಕೆ.

ಮಾವ ಆಗ ಬಾಯಿ ಬಿಟ್ಟ. "ಹಂಗೆ ಆಗಾಕಿಲ್ಲ ಕಣವ್ವ. ಇನ್ನೊಂದು ಸಲ ನೋಡು. ಎರಡು ವರ್ಷದಿಂದ ಕುಂತೇ ಇದೀನಿ. ಓಡಿಲ್ಲ, ಹತ್ತಿಲ್ಲ, ಭಾರ ಎತ್ತಿಲ್ಲ. ನೀವು ಮೆಷಿನ್ನು ಇಟ್ಟು ಜೋರಾಗಿ ಬಡಿಸಿ ನೋಡ್ತೀರಲ್ಲ, ಅದೂ ದಂಡ ಅಂತ ಬರದೆ ಉಳಿಸೀನಿ. ಜಾಸ್ತಿ ಇರಬೇಕು ಅದು."

ಆಕೆಗೆ ನಗು ಬಂತು, ಪಾಪ, ತಡೆದುಕೊಂಡಳು. "ಅಜ್ಜ, ಕೂತ್ಕೊಂಡ್ರೂ ನಿಮ್ಮ ಹೃದಯ ಬಡೀಲೇಬೇಕಲ್ವಾ? ಕೂತು ಉಳಿಸೋಕಾಗೋದು ಏನೂ ಇಲ್ಲ."

ನನಗೆ ನಗು ಬರಲಿಲ್ಲ. ಎರಡು ವರ್ಷ! ಮೊಮ್ಮಗಳ ಕೈ ಬಿಡಿಸಿಕೊಂಡದ್ದು, ದಂಡೆಯ ನಡಿಗೆ ಬಿಟ್ಟದ್ದು, ನನ್ನ ಬೈಗುಳ ತಿಂದದ್ದು, ಎಲ್ಲವೂ ತೂಬು ಇಳಿಸಿ ಕುಳಿತ ಲೆಕ್ಕ. ಬಸ್ಸಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಹಿಂದಿನ ಸೀಟಿನವರು ಕಿಟಕಿಯ ಕಡೆ ತಿರುಗಿಕೊಂಡರು. ಅವನದು ಒಂದೇ ಉತ್ತರ. "ಆ ಹುಡುಗಿಗೇನು ಗೊತ್ತು? ಅವಳೇನು ತೂಬು ಹಿಡಿದವಳಾ?"

ಆಪರೇಷನ್ನಿಗೆ ದಿನ ಗೊತ್ತುಮಾಡಿ ಬಂದೆ. ಅವನು ಬರುವುದಿಲ್ಲ ಎಂದ. ಕಾರಣ ಕೇಳಿದರೆ ನಿಮಗೂ ತಲೆ ಕೆಟ್ಟೀತು. "ಇನ್ನೂ ಮೂರು ತಿಂಗಳು ಐತೆ ಅಂತ ಅವಳೇ ಹೇಳ್ತಾಳೆ. ಇರೋದನ್ನ ಚೆಲ್ಲಿ ಹೊಸದು ತುಂಬ್ಸದು ಯಾವ ಬುದ್ಧಿ? ಮುಗೀಲಿ, ನೋಡಾಣ." ಮುಗಿದರೆ ನೀನೂ ಮುಗಿಯುತ್ತೀಯ ಮಾವ ಎಂದೆ. ಗೋಗರೆದೆ. ಮಗಳು ಫೋನಿನಲ್ಲಿ ಅತ್ತಳು. ಪಕ್ಕದ ಮನೆಯವರು ಬಂದು "ವಯಸ್ಸಾದವರನ್ನ ಯಾಕ್ರೀ ಕುಯ್ಯಿಸ್ತೀರಿ, ಆರಾಮಾಗಿ ಇರ್ಲಿ ಬಿಡ್ರಿ" ಎಂದು ನನಗೇ ಬುದ್ಧಿ ಹೇಳಿದರು. ಅವರನ್ನು ಹೊಸಿಲ ಆಚೆಗೆ ಕಳಿಸಿದೆ. ಹೀಗೆ ಆರು ವಾರ ಹೋಯಿತು. ಅವನ ಕಾಲು ಊದಿಕೊಂಡವು. ಜಗಲಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದ. ಆದರೂ "ಏನಾಗೈತೆ? ಏನೂ ಆಗಿಲ್ಲ."

ಒಂದು ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ. ಹಿತ್ತಲಿಗೆ ಹೋಗಿ ಎರಡು ಕೈಯಲ್ಲಿ ನಲ್ಲಿ ತಿರುಗಿಸಿ ಪೂರ್ತಿ ಬಿಟ್ಟೆ. ಬಕೆಟ್ ಇಡಲಿಲ್ಲ. ನೀರು ಕಲ್ಲಿನ ಮೇಲೆ ಧಡಧಡ ಬಿದ್ದು, ಕರಿಬೇವಿನ ಪಾತಿ ದಾಟಿ, ಬಾಗಿಲವರೆಗೆ ಬಂತು. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ.

"ಲೇ, ನಲ್ಲಿ!" ಒಳಗಿನಿಂದ ಕೂಗಿದ.

"ಹೋಗ್ಲಿ ಬಿಡು."

"ನೀರು ಹೋಗ್ತೈತೆ ಕಣೇ!"

"ನೀನೂ ಹಂಗೇ ಹೋಗ್ತಾ ಇದೀಯ. ನಾನು ನೋಡ್ತಾ ಕುಂತಿಲ್ವಾ? ಬಂದು ಮುಚ್ಚು ಬಾ. ಉಳಿಸ್ಕಂಡಿದೀಯಲ್ಲ ಎರಡು ವರ್ಷದ್ದು, ಈಗ ಖರ್ಚು ಮಾಡು!"

ಅವನು ಎದ್ದ. ಬಾಗಿಲಿಗೆ ಬಂದ. ಒಂದು ಹೆಜ್ಜೆ ಇಟ್ಟು ಹೊಸಿಲು ದಾಟಿದ, ಇನ್ನೊಂದು ಇಡಲು ಹೋಗಿ ಗೋಡೆ ಹಿಡಿದ, ಹಾಗೇ ಜಾರಿ ನೀರಿನಲ್ಲೇ ಕುಳಿತ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೈ ಮಾತ್ರ ನಲ್ಲಿಯ ಕಡೆ ಚಾಚಿಕೊಂಡಿತ್ತು. ನಾಲ್ಕು ಜನರ ಎದುರು ಕುತ್ತಿಗೆಮಟ್ಟ ನೀರಿನಲ್ಲಿ ಕುಳಿತಿದ್ದವನು. ನಾನು ನಲ್ಲಿ ಮುಚ್ಚಿದೆ, ಅವನನ್ನು ಎತ್ತಿ ಒಣಗಿದ ಪಂಚೆ ಉಡಿಸಿದೆ. ನನ್ನ ಮೇಲೆ ನನಗೆ ಅಸಹ್ಯವಾಯಿತು, ಅವನ ಮೇಲಿನ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

ಮಾರನೆಯ ದಿನ ಹರಿಯಬ್ಬೆಗೆ ಹೋಗಿ ಅವ್ವನನ್ನು ಕರೆತಂದೆ. ಅವ್ವನಿಗೆ ಆಗ ಎಂಬತ್ತರ ಮೇಲೆ. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಈ ಲೋಕದಲ್ಲಿ ಮಾವ ಹೆದರುತ್ತಿದ್ದ ಒಂದೇ ಜೀವ ಅವನ ಅಕ್ಕ. ಕಂಬಳಿ ಹಾಸಿಕೊಂಡು ಅವನ ಎದುರಿಗೆ ಕುಳಿತಳು. ಅವನು ತನ್ನ ಲೆಕ್ಕವನ್ನೆಲ್ಲ ಒಪ್ಪಿಸಿದ: ಇಷ್ಟು ಉಳಿದಿದೆ, ಚೆಲ್ಲಬಾರದು, ಮುಗಿಯಲಿ. ಅವ್ವ ಎಲೆ ಅಡಿಕೆ ಅಗಿಯುತ್ತಾ ಪೂರ್ತಿ ಕೇಳಿದಳು.

"ಕರಿಯ, ನೀನು ಸರ್ಕಾರಿ ನೀರು ಕಾಯಾಕೆ ಹೋಗೋಕ್ ಮುಂಚೆ ಏನು ಕಾಯ್ತಿದ್ದೆಲೇ?"

"ಕುರಿ."

"ಬಯಲಾಗೆ ಇನ್ನೂ ನಾಕು ದಿನದ ಮೇವು ಐತೆ ಅಂತ ಮಂದೇನ ಅಲ್ಲೇ ನಿಲ್ಲಿಸ್ಕಂಡು ಕುಂತಿದ್ನೇನೋ ನಮ್ಮಪ್ಪ? ಮೇವು ಇರಾಗ್ಲೇ ಎಬ್ಬಿಸ್ತಿದ್ದ. ಯಾಕೆ?"

ಮಾವ ಕಂಬಳಿಯ ಎಳೆ ಕೀಳತೊಡಗಿದ.

"ಯಾಕಲೇ? ಬಾಯಿ ಬಿಡು."

"ಮೇವು ಮುಗಿದ ಮ್ಯಾಲೆ ಮುಂದಿನ ಬಯಲಿಗೆ ನಡಿಯಾಕೆ ಕುರಿಗೆ ತ್ರಾಣ ಇರಲ್ಲ" ಎಂದ, ತಲೆ ತಗ್ಗಿಸಿ.

"ಗೊತ್ತೈತಲ್ಲ. ಉಳಿದಿರೋ ಮೇವು ಬಿಟ್ಟು ಬಂದಿದ್ದಕ್ಕೆ ನಮ್ಮಪ್ಪನ್ನ ಯಾರೂ ದಂಡಗಾರ ಅನ್ನಲಿಲ್ಲ. ಆ ಮೂರು ತಿಂಗಳು ಇರೋದು ನಿಂಗೆ ಕುಂತು ತಿನ್ನಾಕಲ್ಲ, ಎದ್ದು ಆಸ್ಪತ್ರೆಗೆ ನಡಿಯಾಕೆ. ಏಳು. ನನ್ನ ಮಗಳನ್ನ ನಿಂಗೆ ಕೊಟ್ಟಿರೋದು ರಂಡೆ ಮಾಡ್ಲಿ ಅಂತಲ್ಲ."

ಆರು ವಾರ ನಾನು ಗಂಟಲು ಹರಿದುಕೊಂಡದ್ದು, ಅವ್ವನ ಒಂದು ಬಾಯಿ ಎಲೆ ಅಡಿಕೆ ಮುಗಿಯುವುದರೊಳಗೆ ಆಗಿಹೋಯಿತು. ಅದಕ್ಕೂ ನನಗೆ ಸಿಟ್ಟು ಬಂತು. "ಹೋಗಾಣ ನಡಿ" ಎಂದ ಮಾವ, ಏನೋ ನನಗೆ ಉಪಕಾರ ಮಾಡುವವನ ಹಾಗೆ.

ದಾವಣಗೆರೆಯಲ್ಲಿ ಆಪರೇಷನ್ ಒಂದು ಗಂಟೆಯೂ ಹಿಡಿಯಲಿಲ್ಲ. ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಅವನ ಅಂಗಿ, ಉಡಿದಾರ, ಕನ್ನಡಕ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಬೀಗದ ಕೈ ಇಲಾಖೆಗೆ ಒಪ್ಪಿಸಿ ಎಷ್ಟೋ ವರ್ಷವಾಗಿತ್ತು, ಉಡಿದಾರದಲ್ಲಿ ಅದು ಉಜ್ಜಿದ ಜಾಗ ಹಾಗೇ ನುಣ್ಣಗಿತ್ತು. ಕುಯ್ಯುವ ಜಾಗವನ್ನಷ್ಟೇ ಮರಗಟ್ಟಿಸಿದ್ದರಿಂದ ಅವನಿಗೆ ಎಚ್ಚರವಿತ್ತಂತೆ. ಹಳೆಯದನ್ನು ಹೊರಗೆ ತೆಗೆದಾಗ "ತೋರಿಸ್ರಿ" ಎಂದು ಕೇಳಿದನಂತೆ. ಡಾಕ್ಟರು ಆಮೇಲೆ ವಾರ್ಡಿಗೆ ಬಂದು ನಗುತ್ತಾ ಹೇಳಿದರು. ನಾನು ಅವರನ್ನು ಬಿಡಲಿಲ್ಲ. ಇವನ ಮುಂದೆಯೇ ಹೇಳಿ, ಎರಡು ವರ್ಷ ಅಲ್ಲಾಡದೆ ಕುಳಿತದ್ದಕ್ಕೆ ಎಷ್ಟು ಉಳಿಯಿತು ಎಂದು ಕೇಳಿದೆ. "ಲೆಕ್ಕಕ್ಕೆ ಬರುವಷ್ಟು ಏನೂ ಇಲ್ಲಮ್ಮ. ನಡೆದಿದ್ದರೇ ಒಳ್ಳೆಯದಿತ್ತು" ಎಂದರು. ಇದನ್ನು ಹತ್ತು ವರ್ಷದ ಹಿಂದೆಯೇ ಹೇಳಲು ನಿಮಗೇನಾಗಿತ್ತು ಎಂದು ಅವರ ಮೇಲೂ ರೇಗಿದೆ. ಯಾರೂ ಕೇಳಲಿಲ್ಲವಲ್ಲ ಎಂದರು. ಅದೂ ನಿಜ.

ಅವರು ಹೋದ ಮೇಲೆ ಮಾವ ಚಾವಣಿ ನೋಡುತ್ತಾ ಮಲಗಿದ್ದ.

"ಹಂಗಾದ್ರೆ ತೂಬು ಇಳಿಸಿದ್ರೂ ನೀರು ಹೋಗ್ತಾನೇ ಇತ್ತು ಅನ್ನು."

"ಹೂಂ. ಹೋಗ್ತಾನೇ ಇತ್ತು. ಯಾರಿಗೆ ಉಳಿಸ್ತಿದ್ದೆ ಅದನ್ನ?" ನಾನು ಅವನ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸಿ, ಹೊಲಿಗೆಗೆ ತಾಗದಂತೆ ಗುಂಡಿ ಹಾಕುತ್ತಿದ್ದೆ.

"ನಿಂಗೆ ರಿಟೈರ್ಡ್ ಆಗಾಕೆ ಇನ್ನೂ ನಾಕು ವರ್ಷ ಐತಲ್ಲ. ನಾನೋ ಹದಿನಾರು ವರ್ಷ ಮುಂದೆ ಹುಟ್ಟಿದೋನು. ನೀನು ಬಂದು ಮನೇಲಿ ಕುಂತ್ಕಳೋ ತನಕ ಮುಟ್ಟಿಸಬೇಕು ಅಂತಿದ್ದೆ." ನನ್ನ ಕೈ ನೋಡುತ್ತಾ ಅಂದ: "ಕೊನೇ ಮಡಿ ನೀನೇ ಅಲ್ಲೇನೇ."

ಬೇರೆ ಹೆಂಗಸಾಗಿದ್ದರೆ ಆಗ ಅಳುತ್ತಿದ್ದಳೇನೋ. ನನಗೆ ಮೈಯೆಲ್ಲ ಉರಿಯಿತು. "ನನ್ನ ಕೇಳಿದ್ಯಾ? ಮದುವೆಗೂ ಕೇಳಲಿಲ್ಲ, ಇದಕ್ಕೂ ಕೇಳಲಿಲ್ಲ. ನಂಗೆ ಬೇಕಾಗಿದ್ದು ಅವತ್ತಿನ ನೀರು ಮಾವ. ಆ ಎರಡು ವರ್ಷದ್ದು. ದಂಡೆ ಮೇಲೆ ನನ್ನ ಜೊತೆ ನಡೆದಿದ್ರೆ ಸಾಕಿತ್ತು!" ಪಕ್ಕದ ಮಂಚದವರೆಲ್ಲ ನೋಡಿದರು. ನೋಡಲಿ.

ಹೊಲಿಗೆ ಒಣಗಿದ ಮೇಲೆ, ಒಂದು ಬೆಳಿಗ್ಗೆ, ಮಾವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. "ಬರ್ತೀಯೇನು? ದಂಡೆ ಮ್ಯಾಲೆ ಹೋಗಿ ಬರಾಣ." ನಲವತ್ತು ವರ್ಷಕ್ಕೆ ಹತ್ತಿರದ ಸಂಸಾರದಲ್ಲಿ, ಓದಿನ ಮಾತು ಬಿಟ್ಟರೆ, ಅವನು ನನ್ನನ್ನು ಕೇಳಿದ್ದು ಅದೊಂದೇ ಸಲ. ಆಮೇಲೆ ಎರಡು ವರ್ಷ ಸ್ಕೂಲಿಗೆ ಮುಂಚೆ ದಿನಾ ನಡೆದೆವು. ಮಾರಿಕಣಿವೆಗೆ ಹೋಗಿ ಅಣೆಯ ಮೆಟ್ಟಿಲು ಹತ್ತಿದೆವು. ಪ್ರತಿ ತೂಬಿನ ಹತ್ತಿರ ನಿಂತು ಅದರ ಕಥೆ ಹೇಳುತ್ತಿದ್ದ. ಈಗಿನವರು ಬಿಗಿಯಾಗಿ ಇಳಿಸುವುದಿಲ್ಲ ಎಂದು ಬೈಯುತ್ತಿದ್ದ. ಚೆಕಪ್ಪಿಗೆ ನಾನೇ ಕರೆದೊಯ್ಯುತ್ತಿದ್ದೆ. ಕೊನೆಯ ಸಲ ಮೆಷಿನ್ನಿನ ಹೆಣ್ಣುಮಗಳು "ಅಜ್ಜ, ಇನ್ನೂ ಎಂಟು ವರ್ಷ ಆರಾಮ" ಎಂದಾಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಅದಾಗಿ ತಿಂಗಳೊಳಗೆ ಮೆದುಳಿನಲ್ಲಿ ರಕ್ತನಾಳ ಒಡೆಯಿತು. ಬೆಳಿಗ್ಗೆ ಮುಖ ತೊಳೆದು, ನಲ್ಲಿ ಮುಚ್ಚಿ, ಅಂಗೈ ಒಡ್ಡಿ ನೋಡಿ, ಒಳಗೆ ಬಂದು ಕಾಫಿ ಲೋಟಕ್ಕೆ ಕೈ ಚಾಚಿದವನು ಪಕ್ಕಕ್ಕೆ ವಾಲಿದ. ಆಸ್ಪತ್ರೆಗೆ ಸೇರಿಸಿ ಮಧ್ಯಾಹ್ನದೊಳಗೆ ಮುಗಿಯಿತು. ಹೃದಯ ಕೈಕೊಟ್ಟದ್ದಲ್ಲ. ಅಷ್ಟು ಕಾದು ಕುಳಿತಿದ್ದೆವಲ್ಲ, ಆ ಬಾಗಿಲಿನಿಂದ ಬರಲೇ ಇಲ್ಲ ಸಾವು. ನಾನು ಇನ್ನೂ ಅವನ ಕೈ ಬಿಟ್ಟಿರಲಿಲ್ಲ, ಡ್ಯೂಟಿ ಡಾಕ್ಟರು ಕಾಗದ ಹಿಡಿದು ಬಂದು ಕೇಳಿದರು: "ಸುಡ್ತೀರೋ, ಮಣ್ಣು ಮಾಡ್ತೀರೋ?" ಏನು ಮಾತು ಇದು ಎಂದು ಕಿರುಚಿದೆ. ನರ್ಸಮ್ಮ ನನ್ನ ಭುಜ ಹಿಡಿದು ಹೇಳಿದಳು, ಪೇಸ್‌ಮೇಕರ್ ಬೆಂಕಿಯಲ್ಲಿ ಸಿಡಿಯುತ್ತದೆ, ಸುಡುವುದಾದರೆ ತೆಗೆಯಬೇಕು. ನಮ್ಮಲ್ಲಿ ಮಣ್ಣು ಮಾಡುವುದು ಎಂದೆ. "ಹಾಗಾದರೆ ಹಾಗೇ ಇರಲಿ" ಎಂದು ಬರೆದುಕೊಂಡರು.

ಹಾಗೇ ಇತ್ತು. ಇನ್ನೂ ಎಂಟು ವರ್ಷದ್ದು ಎದೆಯಲ್ಲಿಟ್ಟುಕೊಂಡು ಮಣ್ಣಿಗೆ ಇಳಿದ, ಒಂದು ಹನಿ ದಂಡವಾದರೂ ಸಹಿಸದ ನನ್ನ ಮಾವ. ನಾನು ನಿವೃತ್ತಳಾಗಲು ಎರಡು ವರ್ಷವಿತ್ತು. ಹಿಡಿ ಮಣ್ಣು ಹಾಕುವಾಗ ಎಲ್ಲರೂ ಅಳುತ್ತಿದ್ದರು. ನನಗೆ ಆ ಗುಣಿಯೊಳಗೆ ಬಗ್ಗಿ ಅವನನ್ನು ಹಿಡಿದು ಅಲ್ಲಾಡಿಸಿ ಬೈಯಬೇಕು ಎನಿಸುತ್ತಿತ್ತು.

ಮನೆಗೆ ಬಂದಾಗ ಎಲ್ಲರೂ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಲ್ಲಿ ತಿರುಗಲಿಲ್ಲ. ಅಳಿಯ ತಿರುಗಿಸಿ ನೋಡಿದ, ಅಲ್ಲಾಡಲಿಲ್ಲ. ಇಕ್ಕಳ ತರುತ್ತೇನೆಂದು ಹೊರಟ. ನಾನು ಅವನನ್ನು ಪಕ್ಕಕ್ಕೆ ತಳ್ಳಿ, ಸೆರಗು ಸುತ್ತಿ, ಎರಡು ಕೈಯಲ್ಲಿ ಹಿಡಿದು, ನನ್ನ ಸಿಟ್ಟನ್ನೆಲ್ಲ ಹಾಕಿ ತಿರುಗಿಸಿದೆ. ನೀರು ಧಡಧಡ ಬಿತ್ತು. ಎಲ್ಲರೂ ತೊಳೆದುಕೊಂಡು ಒಳಗೆ ಹೋದರು. ನಾನು ಮುಚ್ಚಲಿಲ್ಲ. ನೀರು ಕಲ್ಲು ದಾಟಿತು, ಕರಿಬೇವಿನ ಪಾತಿ ದಾಟಿತು, ಬಾಗಿಲವರೆಗೆ ಬಂತು. ಸೊಂಟಕ್ಕೆ ಕೈ ಕೊಟ್ಟು ಬಾಗಿಲನ್ನೇ ನೋಡುತ್ತಾ ಬಹಳ ಹೊತ್ತು ನಿಂತೆ. ಒಳಗಿನಿಂದ ಯಾರೂ ಕೂಗಲಿಲ್ಲ.